ಗೃಹಸ್ಥರಿಗೆ ಕಾನೂನು: ತವರಿನ ಪಾಲು, ತಂಗಿಯ ರುಜು

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ವಿದ್ಯೆಗಳಿಗೆ ಈಗ ಕೊರತೆಯಿಲ್ಲ. ಓದುಬರಹ, ಲೆಕ್ಕ, ಸಂಗೀತ, ಅಡಿಗೆ, ಈಚೆಗೆ ಕಂಪ್ಯೂಟರು, ಎಲ್ಲವೂ ಆಗುತ್ತವೆ. ಆದರೆ ತಾನು ಹುಟ್ಟಿದ ಮನೆಯಲ್ಲಿ ತನಗೆ ಸಲ್ಲತಕ್ಕದ್ದೇನೆಂಬ ಒಂದು ವಿಷಯವನ್ನು ಮಾತ್ರ ಆಕೆಗೆ ಯಾರೂ ಹೇಳುವುದಿಲ್ಲ. ಪದವಿ ಪಡೆದ ಮಗಳಿಗೂ, ಶಾಲೆಯಲ್ಲಿ ತಾನೇ ಪಾಠ ಹೇಳುವ ಮಗಳಿಗೂ ಈ ಸಂಗತಿ ಮೊಟ್ಟಮೊದಲು ಕಿವಿಗೆ ಬೀಳುವುದು ತಂದೆಯ ಉತ್ತರಕ್ರಿಯೆ ಮುಗಿದ ಮೇಲೆ, ಅಣ್ಣಂದಿರು ಕಾಗದವೊಂದನ್ನು ಮುಂದಿಟ್ಟು, "ಇಲ್ಲೊಂದು ರುಜು ಹಾಕಮ್ಮ, ಖಾತೆ ಬದಲಾಗಬೇಕು" ಎಂದಾಗ. ಅಂದು ಆಕೆ ದುಃಖದಲ್ಲಿರುವಳು. ಮನೆಯ ತುಂಬ ನೆಂಟರಿರುವರು. ಕಾಗದವನ್ನು ಓದಿ ನೋಡುವೆನೆಂದರೆ ಅಣ್ಣನನ್ನು ನಂಬದವಳೆಂಬ ಮಾತು ಬರುವುದು. ರುಜು ಬೀಳುತ್ತದೆ.

ಆ ಕಾಗದಕ್ಕೆ ಹಕ್ಕು ಬಿಡುಗಡೆ ಪತ್ರವೆಂದು ಹೆಸರು. ಕೆಲವೆಡೆ ಹಕ್ಕು ಖುಲಾಸೆ ಪತ್ರವೆನ್ನುವರು. ಪಿತ್ರಾರ್ಜಿತ ಸ್ವತ್ತಿನಲ್ಲಿ ತನಗಿರುವ ಹಕ್ಕುಬಾಧ್ಯತೆಗಳನ್ನೆಲ್ಲ ಯಾರ ಬಲವಂತವೂ ಇಲ್ಲದೆ, ಮನಃಪೂರ್ವಕವಾಗಿ, ಸೋದರರ ಪರವಾಗಿ ಬಿಟ್ಟುಕೊಟ್ಟಿರುವೆನೆಂಬುದು ಅದರ ಸಾರಾಂಶ. ಸ್ಥಿರಸ್ವತ್ತಿಗೆ ಸಂಬಂಧಿಸಿದ ಇಂತಹ ಪತ್ರವು 1908ರ ನೋಂದಣಿ ಕಾಯಿದೆಯ ಮೇರೆಗೆ ನೋಂದಣಿಯಾಗಬೇಕು. ಅದಕ್ಕಾಗಿ ತಾಲ್ಲೂಕು ಪಟ್ಟಣದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವರು. ಅಲ್ಲಿ ಅಧಿಕಾರಿಯು ಮುಖ್ಯವಾಗಿ ಕೇಳತಕ್ಕದ್ದು, ಈ ಪತ್ರವನ್ನು ಬರೆದುಕೊಟ್ಟವರು ನೀವೇ ಅಲ್ಲವೆ ಎಂಬ ಪ್ರಶ್ನೆ. ಹೌದೆಂದರೆ ಬೆರಳಚ್ಚು, ಭಾವಚಿತ್ರ, ಮೊಹರು. ಬಿಡುತ್ತಿರುವ ಪಾಲು ಎಷ್ಟು, ಅದರ ಬೆಲೆಯೇನು, ಅದಕ್ಕೆ ಪ್ರತಿಯಾಗಿ ಏನಾದರೂ ಬಂದಿತೆ, ಬಿಡಬೇಕೆಂಬುದು ನಿಮ್ಮದೇ ಇಚ್ಛೆಯೆ ಎಂದು ತೂಗಿ ನೋಡುವ ಹೊಣೆಯನ್ನು ಕಾಯಿದೆಯು ಆತನ ಮೇಲೆ ಹೊರಿಸಿಲ್ಲ. ಅದನ್ನು ಆ ದಿನಕ್ಕೆ ಮುಂಚೆ ಮನೆಯಲ್ಲಿಯೇ ಯಾರಾದರೂ ಮಾಡಿರಬೇಕಾಗಿತ್ತು.

ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. "ಹೆಣ್ಣುಮಕ್ಕಳಿಗೆ ತವರಿನಲ್ಲಿ ಏನೂ ಇಲ್ಲ" ಎಂದು ಹೇಳುವ ಹಿರಿಯರೇ ಈ ಪತ್ರವನ್ನು ಅವಸರದಿಂದ ಬರೆಸುವರು. ಏನೂ ಇಲ್ಲದಿದ್ದರೆ ಬಿಡತಕ್ಕದ್ದಾದರೂ ಏನು?

ಈ ಹಕ್ಕು ಒಂದೇ ದಿನದಲ್ಲಿ ಬಂದುದಲ್ಲ. ಅದರ ಚರಿತ್ರೆಯು ನಮ್ಮ ಕನ್ನಡ ನಾಡಿನೊಡನೆ ವಿಚಿತ್ರವಾಗಿ ಹೆಣೆದುಕೊಂಡಿದೆ. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕುಂಟೆಂಬ ನಿಯಮವನ್ನು ಭರತಖಂಡದ ಬಹುಭಾಗಕ್ಕೆ ಕೊಟ್ಟ ಗ್ರಂಥ ಮಿತಾಕ್ಷರ. ಅದನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಸ್ತ್ರೀಧನದ ವಿಷಯದಲ್ಲಿ ಆತನ ಮನಸ್ಸು ಉದಾರವಾಗಿಯೇ ಇತ್ತು: ದಾಯವಾಗಿ ಬಂದುದು, ಕ್ರಯಕ್ಕೆ ಕೊಂಡುದು, ವಿಭಾಗದಲ್ಲಿ ದೊರೆತುದು ಎಲ್ಲವೂ ಸ್ತ್ರೀಧನವೇ ಎಂದು ಆತನು ಬರೆದನು. ದಾಯವಾಗಿ ಬಂದ ಸ್ವತ್ತು ಸ್ತ್ರೀಗೆ ಜೀವಿತಕಾಲದ ಅನುಭೋಗಕ್ಕೆ ಮಾತ್ರವೆಂದು ಅದನ್ನು ಕಿರಿದುಗೊಳಿಸಿದುದು ಲಂಡನ್ನಿನ ಪ್ರಿವಿ ಕೌನ್ಸಿಲ್. ಎಲ್ಲ ತಪ್ಪನ್ನೂ ಶಾಸ್ತ್ರದ ಮೇಲೆ ಹೊರಿಸುವವರೂ, ಎಲ್ಲ ತಪ್ಪನ್ನೂ ಹೊಸ ಕಾಯಿದೆಗಳ ಮೇಲೆ ಹೊರಿಸುವವರೂ ಇದನ್ನು ಜ್ಞಾಪಕದಲ್ಲಿಡುವುದು ಒಳ್ಳೆಯದು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ವಂಶವೂ ಸ್ವತ್ತೂ ತಾಯಿಯ ಕಡೆಯಿಂದಲೇ ಹರಿದು ಬಂದುವು. ಅಲ್ಲಿ ಯಾವ ಆಕಾಶವೂ ಕಳಚಿ ಬೀಳಲಿಲ್ಲ.

ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯೊಂದನ್ನು ಮಾಡಿ, ವಿಭಾಗಕಾಲದಲ್ಲಿ ವಿಧವೆಗೂ, ತಾಯಿಗೂ, ಅವಿವಾಹಿತ ಮಗಳಿಗೂ ಪಾಲನ್ನು ವಿಧಿಸಿತು. ಆ ಪಾಲು ಪುರುಷರ ಪಾಲಿಗೆ ಸಮವಾಗಿರಲಿಲ್ಲವೆಂಬುದು ನಿಜ. ಆದರೂ ಅಂದಿಗೆ ಅದು ದಿಟ್ಟ ಹೆಜ್ಜೆ. ಬ್ರಿಟಿಷ್ ಭಾರತವು 1937ರಲ್ಲಿ ವಿಧವೆಗೆ ಮಾತ್ರ, ಅದೂ ಜೀವಿತಾವಧಿಗೆ ಸೀಮಿತವಾದ ಹಕ್ಕನ್ನು ಕೊಟ್ಟಿತು. ಮುಂದೆ ಹಿಂದೂ ಕಾನೂನನ್ನು ಒಟ್ಟಾಗಿ ಪರಿಶೀಲಿಸಲು 1941ರಲ್ಲಿ ಏರ್ಪಟ್ಟ ಸಮಿತಿಗೆ ಅಧ್ಯಕ್ಷರಾದವರು ನಮ್ಮ ಕರಾವಳಿಯ ಬೆನೆಗಲ್ ನರಸಿಂಗ ರಾಯರು. ಆ ಪ್ರಯತ್ನದಿಂದ ಬೆಳೆದ ಹಿಂದೂ ಸಂಹಿತೆಯ ಮಸೂದೆಯು ಪಾರ್ಲಿಮೆಂಟಿನಲ್ಲಿ ನಿಂತುಹೋದಾಗ, 1951ರಲ್ಲಿ ಡಾಕ್ಟರ್ ಅಂಬೇಡ್ಕರರು ಕಾನೂನು ಮಂತ್ರಿಪದವನ್ನು ತ್ಯಜಿಸಿದರು. ಮಸೂದೆಯು ತುಂಡುತುಂಡಾಗಿ ಕಾಯಿದೆಯಾಯಿತು. ಅವುಗಳಲ್ಲೊಂದು 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆ. ಸ್ತ್ರೀಗೆ ಬಂದ ಸ್ವತ್ತಿಗೆ ಆಕೆಯೇ ಪೂರ್ಣ ಒಡತಿಯೆಂದು ಅದು ಸಾರಿತು. ಆದರೆ ಅವಿಭಕ್ತ ಕುಟುಂಬದ ಹುಟ್ಟುಹಕ್ಕನ್ನು ಗಂಡುಮಕ್ಕಳ ಕೈಯಲ್ಲಿಯೇ ಬಿಟ್ಟಿತು.

ಹಾಗೆ ಬಿಟ್ಟುದರಿಂದ ಆದುದೇನೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸುವೆವು. ಗೃಹಿಣಿಯರು ಕಾಗದ ಪೆನ್ಸಿಲು ಹಿಡಿದು ನೋಡಬಹುದು. ಒಬ್ಬ ಗೃಹಸ್ಥನಿಗೆ ಪಿತ್ರಾರ್ಜಿತವಾಗಿ ಬಂದ 9 ಎಕರೆ ಜಮೀನು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹೆಂಡತಿ ಮೊದಲೇ ತೀರಿಕೊಂಡಿರುವಳು. ಆತನು ಉಯಿಲು ಬರೆಯದೆ ಗತಿಸಿದನೆನ್ನೋಣ. ಹಳೆಯ ಲೆಕ್ಕದಲ್ಲಿ ಮೊದಲು ತಂದೆಗೂ ಇಬ್ಬರು ಗಂಡುಮಕ್ಕಳಿಗೂ ತಲಾ 3 ಎಕರೆ. ತಂದೆಯ 3 ಎಕರೆಯನ್ನು ಮಾತ್ರ ಮೂವರು ಮಕ್ಕಳೂ ಸಮನಾಗಿ ಹಂಚಿಕೊಳ್ಳತಕ್ಕದ್ದು. ಅಂತು ಗಂಡುಮಕ್ಕಳಿಗೆ ತಲಾ 4 ಎಕರೆ, ಮಗಳಿಗೆ 1 ಎಕರೆ. ತಂದೆಯು ತನ್ನ ಪಾಲನ್ನು ಉಯಿಲಿನಿಂದ ಗಂಡುಮಕ್ಕಳಿಗೇ ಬರೆದಿಟ್ಟಿದ್ದರೆ ಆ ಒಂದು ಎಕರೆಯೂ ಇಲ್ಲ. ಇಂದಿನ ಲೆಕ್ಕದಲ್ಲಿ ಅದೇ 9 ಎಕರೆಯು ಮೂವರಿಗೂ 3, 3, 3. ಒಂದಕ್ಕೂ ಮೂರಕ್ಕೂ ಇರುವ ಅಂತರವನ್ನು ದಾಟಲು ಸುಮಾರು ಅರ್ಧ ಶತಮಾನ ಹಿಡಿಯಿತು.

ಆಂಧ್ರಪ್ರದೇಶವೂ ತಮಿಳುನಾಡೂ ದಾರಿ ತೋರಿದ ಮೇಲೆ ಕರ್ನಾಟಕವು 1994ರ ಜುಲೈ 30ರಿಂದ ಮಗಳಿಗೂ ಹುಟ್ಟುಹಕ್ಕನ್ನು ಕೊಟ್ಟಿತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಮೇ ತಿಂಗಳಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, ಕಾರ್ತಿಕದಲ್ಲಿ ಮದುವೆಯಾದ ತಂಗಿಗೆ ಉಂಟು! 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಈ ಭೇದವನ್ನು ತೆಗೆದುಹಾಕಿತು. ಮದುವೆಯಾಗಿರಲಿ, ಆಗದಿರಲಿ, ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕು, ಮಗನಂತೆಯೇ ಹೊಣೆಯೂ. ವಾಸದ ಮನೆಯಲ್ಲಿ ಗಂಡಸರು ಪಾಲು ಕೇಳುವವರೆಗೆ ಹೆಂಗಸರು ಕೇಳಕೂಡದೆಂಬ ಹಳೆಯ ನಿರ್ಬಂಧವೂ ಅಂದೇ ಹೋಯಿತು.

ಬಳಿಕ ಒಂದು ತೊಡಕು ಎದ್ದಿತು: 2005ಕ್ಕೆ ಮುಂಚೆಯೇ ತಂದೆ ಗತಿಸಿದ್ದರೆ ಹೇಗೆ? ಕರ್ನಾಟಕದ ಮನೆತನಗಳ ಎರಡು ಮೊಕದ್ದಮೆಗಳು ಸುಪ್ರೀಂ ಕೋರ್ಟಿನವರೆಗೆ ಹೋದುವು. 2015ರಲ್ಲಿ ಬಂದ ತೀರ್ಪು ತಂದೆಯೂ ಆ ದಿನ ಬದುಕಿರಬೇಕೆಂದಿತು. 2018ರ ತೀರ್ಪಿನಲ್ಲಿ 2001ರಲ್ಲಿಯೇ ತಂದೆಯನ್ನು ಕಳೆದುಕೊಂಡಿದ್ದ ಹೆಣ್ಣುಮಕ್ಕಳಿಗೂ ಪಾಲು ದೊರೆಯಿತು. ಕೆಳಗಿನ ನ್ಯಾಯಾಲಯಗಳು ಯಾವುದನ್ನು ಹಿಡಿಯಬೇಕು? ಕಡೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಗಂಟನ್ನು ಬಿಚ್ಚಿತು. ಹಕ್ಕು ಹುಟ್ಟಿನಿಂದ ಬರುವುದರಿಂದ, 2005ರಲ್ಲಿ ತಂದೆ ಬದುಕಿದ್ದನೆ ಇಲ್ಲವೆ ಎಂಬುದು ಮುಖ್ಯವಲ್ಲವೆಂದು ತೀರ್ಮಾನವಾಯಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ವಿಭಾಗಗಳಿಗೂ, ಅದಕ್ಕೆ ಮುಂಚಿನ ಕ್ರಯಗಳಿಗೂ ಇದರಿಂದ ಬಾಧೆಯಿಲ್ಲ. "ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ" ಎಂಬ ವಾದವನ್ನು ಮಾತ್ರ, ಸರಕಾರಿ ದಾಖಲೆಗಳ ಬಲವಾದ ಆಧಾರವಿಲ್ಲದೆ, ನ್ಯಾಯಾಲಯವು ಸುಲಭವಾಗಿ ಒಪ್ಪುವುದಿಲ್ಲ.

ಇದು ಯಾರಿಗೆ ಅನ್ವಯಿಸುತ್ತದೆಂದು ಕೇಳುವವರುಂಟು. ಹಿಂದೂಗಳಿಗೂ, ಕಾಯಿದೆಯಲ್ಲಿಯೇ ಹೆಸರಿಸಿರುವಂತೆ ವೀರಶೈವ ಲಿಂಗಾಯತರಿಗೂ, ಜೈನ, ಬೌದ್ಧ, ಸಿಖ್ಖರಿಗೂ ಅನ್ವಯ. ಪರಿಶಿಷ್ಟ ಪಂಗಡದವರಿಗೆ, ಕೇಂದ್ರ ಸರಕಾರವು ಬೇರೆ ಪ್ರಕಟಣೆ ಹೊರಡಿಸಿದ ಹೊರತು, ಇಲ್ಲ. ಕ್ರೈಸ್ತರಿಗೂ ಮುಸಲ್ಮಾನರಿಗೂ ಪ್ರತ್ಯೇಕ ನಿಯಮಗಳಿವೆ.

ಇನ್ನು ಗೃಹಸ್ಥರ ಆಕ್ಷೇಪಣೆಗಳು. ಅವುಗಳನ್ನು ಹಗುರವಾಗಿ ತಳ್ಳಿಹಾಕುವವರು ನಾವಲ್ಲ. "ಮಗಳ ಮದುವೆಗೆ ಸಾಲ ಮಾಡಿದ್ದೇವೆ, ಅದೇ ಅವಳ ಪಾಲು" ಎನ್ನುವರು. ವರದಕ್ಷಿಣೆಯು 1961ರಿಂದ ನಿಷಿದ್ಧವಾದುದು. ನಿಷಿದ್ಧವಾದುದನ್ನು ಕೊಟ್ಟು ಅದನ್ನೇ ಪಾಲಿನಲ್ಲಿ ಮುರಿದುಕೊಳ್ಳುವೆವೆಂದರೆ ಯಾವ ನ್ಯಾಯ? ಅಲ್ಲದೆ ಆ ಹಣ ಮಗಳ ಕೈಗೆ ಬಂದುದು ಎಷ್ಟು ಮನೆಗಳಲ್ಲಿ? ಬೀಗರ ಕೈಗೂ ಛತ್ರದ ಅಡಿಗೆಯವನ ಕೈಗೂ ಸೇರಿದುದನ್ನು ಆಕೆಯ ಖಾತೆಗೆ ಬರೆಯುವುದು ಸರಿಯಲ್ಲ. ಮಗನ ಓದಿಗೆ ಸುರಿದ ಹಣವನ್ನು ಆತನ ಪಾಲಿನಲ್ಲಿ ಯಾರೂ ಮುರಿಯುವುದಿಲ್ಲವೆಂಬುದನ್ನೂ ನೆನೆಯಬೇಕು.

"ಮುದಿ ತಂದೆತಾಯಿಗಳನ್ನು ನೋಡಿಕೊಳ್ಳುವವನು ಮಗ" ಎಂಬ ಎರಡನೆಯ ಮಾತಿನಲ್ಲಿ ಹುರುಳಿದೆ. ಊರಿನಲ್ಲಿ ಉಳಿದು, ಹೊಲ ಉತ್ತು, ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡಿದ ಮಗನಿಗೂ, ಹಬ್ಬಕ್ಕೆ ಬಂದು ಹೋಗುವ ಮಗಳಿಗೂ ಒಂದೇ ಅಳತೆಯೆ ಎಂದು ಆತನ ಹೆಂಡತಿ ನೊಂದುಕೊಂಡರೆ ಆ ನೋವು ಸುಳ್ಳಲ್ಲ. ಸೇವೆಯ ಬಹುಪಾಲನ್ನು ಮಾಡಿದವಳು ಆ ಸೊಸೆಯೇ. ಆದರೆ 1956ರ ಜೀವನಾಂಶದ ಕಾಯಿದೆಯೂ, 2007ರ ಹಿರಿಯ ನಾಗರಿಕರ ಕಾಯಿದೆಯೂ ತಂದೆತಾಯಿಗಳ ಪೋಷಣೆಯ ಹೊಣೆಯನ್ನು ಮಗನ ಮೇಲಿಟ್ಟಂತೆಯೇ ಮಗಳ ಮೇಲೂ ಇಟ್ಟಿವೆ. ಔಷಧದ ಖರ್ಚಿನಲ್ಲಿ ಪಾಲು ಕೇಳಲು ಅಣ್ಣನಿಗೆ ಹಕ್ಕುಂಟು. ಕೊಡಲು ತಂಗಿ ಬದ್ಧಳು. ಸೇವೆ ಮಾಡಿದವರಿಗೆ ಹೆಚ್ಚು ಸಲ್ಲಬೇಕೆಂದು ತಂದೆಯ ಮನಸ್ಸಿನಲ್ಲಿದ್ದರೆ, ಆತನು ಬದುಕಿರುವಾಗಲೇ ತನಗೆ ಸಲ್ಲುವ ಪಾಲಿನ ಮಟ್ಟಿಗೆ ಹಾಗೆಂದು ಉಯಿಲು ಬರೆಯಲಿ. ಅದು ನೇರವಾದ ದಾರಿ. ತಂಗಿಯ ಅಜ್ಞಾನವನ್ನು ಸೇವೆಗೆ ಸಂಬಳವಾಗಿ ಪಡೆಯುವುದು ನೇರವಾದ ದಾರಿಯಲ್ಲ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲಕ್ಕಿಂತ ಬಲವಾದುದು ಅದೇ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುವುದೆಂಬ ಭಯ. ಗೌರಿಹಬ್ಬಕ್ಕೆ ಬಾಗಿನ ಬಾರದು, ಬಾಣಂತನಕ್ಕೆ ಕರೆಯರು, ಗಂಡನ ಮನೆಯಲ್ಲಿ ಕಷ್ಟವೊದಗಿದರೆ ಹೋಗಿ ನಿಲ್ಲಲು ಒಂದು ಜಗಲಿಯಿಲ್ಲ. ಈ ಭಯದಿಂದಲೇ ಎಲ್ಲವನ್ನೂ ಬಲ್ಲ ಹೆಣ್ಣುಮಕ್ಕಳೂ ರುಜು ಹಾಕುವರು. ಅವರನ್ನು ಹೇಡಿಗಳೆನ್ನಲು ನಮಗೆ ಮನಸ್ಸಿಲ್ಲ. ಅವರು ಮೂರು ಎಕರೆಯನ್ನೂ ತವರನ್ನೂ ತಕ್ಕಡಿಯಲ್ಲಿಟ್ಟು ತೂಗಿದವರು. ತಿಳಿದು, ಬೆಲೆಯನ್ನರಿತು, ಪ್ರೀತಿಯಿಂದ ಬಿಟ್ಟುಕೊಟ್ಟರೆ ಅದು ದಾನ. ಕಾನೂನಿಗೂ ಅದು ಸಮ್ಮತವೇ. ನಾವು ಕೇಳುವುದಿಷ್ಟೆ: ಅಂತಹ ತಕ್ಕಡಿಯನ್ನು ಆಕೆಯ ಮುಂದೆ ಹಿಡಿಯುವುದೇಕೆ? ಪಾಲು ಪಡೆದ ತಮ್ಮನನ್ನು ಹಬ್ಬಕ್ಕೆ ಕರೆಯದೆ ಬಿಡುವುದುಂಟೆ?

ಮಾಡತಕ್ಕದ್ದು ಬಹಳವಿಲ್ಲ. ಮನೆಯ ಯಜಮಾನನು ಒಂದು ಭಾನುವಾರ ಮಕ್ಕಳೆಲ್ಲರನ್ನೂ, ಸೊಸೆಯನ್ನೂ ಅಳಿಯನನ್ನೂ ಬೇಕಾದರೆ ಸೇರಿಸಿ, ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ, ಸಾಲವೆಷ್ಟು ಎಂದು ಪಹಣಿ, ಪತ್ರಗಳನ್ನು ತೆಗೆದು ತೋರಿಸಲಿ. ವಂಶವೃಕ್ಷವನ್ನು ಬರೆಸುವಾಗ ಹೆಣ್ಣುಮಕ್ಕಳ ಹೆಸರನ್ನು ಬಿಡದಿರಲಿ. ಎಷ್ಟೋ ವ್ಯಾಜ್ಯಗಳ ಬೇರು ಅಲ್ಲಿದೆ. ತಂದೆಯ ಮರಣಾನಂತರ ಪೌತಿ ಖಾತೆಯು ಅಣ್ಣನೊಬ್ಬನ ಹೆಸರಿಗೆ ಆದ ಮಾತ್ರಕ್ಕೆ ತಂಗಿಯ ಹಕ್ಕು ಅಳಿಯುವುದಿಲ್ಲವೆಂದು ಆಕೆಯೂ ತಿಳಿದಿರಲಿ. ಖಾತೆಯು ಕಂದಾಯದ ಲೆಕ್ಕಕ್ಕೆ, ಅದು ಒಡೆತನವನ್ನು ಹುಟ್ಟಿಸುವುದಿಲ್ಲ. ರುಜು ಕೇಳಿದಾಗ ಪತ್ರದ ನಕಲನ್ನು ಮನೆಗೆ ಒಯ್ದು ಒಂದು ವಾರ ಇಟ್ಟುಕೊಳ್ಳುವೆನೆನ್ನಲಿ. ಒಳ್ಳೆಯ ಅಣ್ಣನಿಗೆ ಅದರಿಂದ ನಷ್ಟವಿಲ್ಲ.

ಮೋಸದಿಂದಲೋ ಬಲವಂತದಿಂದಲೋ ಈಗಾಗಲೇ ರುಜು ಹಾಕಿರುವವರು, ಆ ಸಂಗತಿ ತಿಳಿದಂದಿನಿಂದ ಮೂರು ವರ್ಷಗಳೊಳಗೆ ಪತ್ರದ ರದ್ದತಿಗೆ ದಾವೆ ಹೂಡಬೇಕೆಂಬುದು 1963ರ ಕಾಲಮಿತಿ ಕಾಯಿದೆಯ ಕಟ್ಟು. ವಕೀಲರ ಫೀಜಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಮೇರೆಗೆ ಸ್ತ್ರೀಯರಿಗೆ, ಅವರ ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವು ಸಲ್ಲತಕ್ಕದ್ದು. ತಾಲ್ಲೂಕಿನ ನ್ಯಾಯಾಲಯಕ್ಕೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿದೆಯೆಂದು ಕೇಳಿದರೆ ತೋರಿಸುವರು.

ಉಯಿಲನ್ನು ಹೇಗೆ ಬರೆಯಬೇಕು, ಸಾಕ್ಷಿಗಳು ಯಾರಿರಬೇಕು ಎಂಬ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ತೆಗೆದುಕೊಳ್ಳುವೆವು.