ಮಳೆಗಾಲಕ್ಕೆ ವಾರಂಟಿಯಿಲ್ಲವೆ?

ಆಷಾಢದ ಒಂದು ಬೆಳಗ್ಗೆ, ಕೊಂಡು ಹದಿನಾಲ್ಕು ತಿಂಗಳೂ ತುಂಬದಿದ್ದ ನಮ್ಮ ಕಾರಿನ ಗಾಜುಗಳನ್ನೇರಿಸಿ ಏಸಿಯ ಗುಂಡಿಯನ್ನೊತ್ತಿದೊಡನೆ, ಮೂರು ದಿನ ಒಣಗದೆ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದ ಒದ್ದೆ ಬೈರಾಸಿನಂಥ ಮುಗ್ಗಲು ವಾಸನೆಯೊಂದು ಮುಖಕ್ಕೆ ರಾಚಿತು. ಸರ್ವೀಸ್ ಸೆಂಟರಿನ ಸಲಹೆಗಾರರು ಗಾಳಿಕಿಂಡಿಗೆ ಮೂಗೊಡ್ಡಿ ಆಘ್ರಾಣಿಸಿ, "ಬೂಷ್ಟು ಹಿಡಿದಿದೆ ಸರ್. ಮಳೆಗಾಲ ಅಲ್ವಾ, ಇದೆಲ್ಲ ವಾರಂಟಿಯಲ್ಲಿ ಬರುವುದಿಲ್ಲ" ಎಂದು ವಿನಯದಿಂದಲೇ ನುಡಿದು, ನೊರೆಯೌಷಧ ಸಿಂಪಡಿಸಿ, ಕನ್ನಡಿಗೊಂದು ನಿಂಬೆಯ ಪರಿಮಳದ ಸೀಸೆಯನ್ನು ತೂಗಹಾಕಿ, ಎರಡಕ್ಕೂ ಬಿಲ್ಲು ಕೊಟ್ಟರು. ವಾರ ಕಳೆಯುವಷ್ಟರಲ್ಲಿ ನಿಂಬೆಯೂ ಮುಗ್ಗಲೂ ಕೂಡಿದ ಮೂರನೆಯದೊಂದು ವಾಸನೆ ಕಾರನ್ನು ತುಂಬಿತ್ತು.

ಡ್ಯಾಶ್‌ಬೋರ್ಡಿನ ಹಿಂಬದಿಯಲ್ಲಿ, ನಮ್ಮ ಕಣ್ಣಿಗೆ ಬೀಳದಂತೆ, ತೆಳುವಾದ ಅಲ್ಯೂಮಿನಿಯಂ ಪದರಗಳನ್ನೊತ್ತಾಗಿ ಜೋಡಿಸಿದ ಕೂಲಿಂಗ್ ಕಾಯಿಲ್ ಒಂದುಂಟು. ಅದನ್ನು ಹಾಯುವ ಗಾಳಿಯಲ್ಲಿನ ತೇವವು ಹನಿಗಟ್ಟಿ, ಕೆಳಗಣ ತಟ್ಟೆಗಿಳಿದು, ಬೆರಳು ಗಾತ್ರದ ಕೊಳವೆಯೊಂದರ ಮೂಲಕ ಕಾರಿನಡಿಗೆ ತೊಟ್ಟಿಕ್ಕಬೇಕು. ಆ ಹಾದಿ ಕಟ್ಟಿದರೆ ಕತ್ತಲು, ತೇವ, ಧೂಳು ಮೂರೂ ಒಂದೆಡೆ ನೆಲಸುವುದರಿಂದ ಬೂಷ್ಟಿಗೆ ಬೇರಾವ ಆಹ್ವಾನವೂ ಬೇಕಾಗದು.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಅಮೆರಿಕದ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕೆ ಹವಾನಿಯಂತ್ರಣದ ಯಂತ್ರವನ್ನು ರೂಪಿಸಿದ್ದು ಮನುಷ್ಯರನ್ನು ತಂಪಾಗಿಡಲೆಂದಲ್ಲ, ಗಾಳಿಯ ತೇವಕ್ಕೆ ಕಾಗದವು ಹಿಗ್ಗಿ ಬಣ್ಣದ ಅಚ್ಚು ತಪ್ಪುತ್ತಿದ್ದುದನ್ನು ತಡೆಯಲೆಂದು. ತೇವವನ್ನು ನಿಗ್ರಹಿಸುವುದಕ್ಕೆಂದೇ ಜನ್ಮತಾಳಿದ ಯಂತ್ರವು ತೇವದಿಂದಲೇ ಕೆಟ್ಟಿತೆಂದು ಹೇಳಿ ಮಳೆಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಮಂಗಳೂರಿನ ಷೋರೂಮಿನಲ್ಲಿ ಮಾರಿದ ಕಾರು ಮಂಗಳೂರಿನ ಮಳೆಗೆ ತಕ್ಕುದಾಗಿರಬೇಕಲ್ಲದೆ, ರಾಜಸ್ಥಾನದ ಹವೆಯನ್ನು ನಾವು ಜೊತೆಗೆ ಕೊಂಡು ತರಲಾಗುವುದಿಲ್ಲ.

ಮಾಲೀಕರ ಪಾಲೂ ಇದರಲ್ಲಿಲ್ಲದಿಲ್ಲ. ಮನೆ ಮುಟ್ಟುವ ಕೆಲವು ನಿಮಿಷ ಮೊದಲೇ ಏಸಿಯನ್ನಾರಿಸಿ ಫ್ಯಾನನ್ನು ಮಾತ್ರ ಓಡಗೊಟ್ಟರೆ ಕಾಯಿಲ್ ಬಹುಮಟ್ಟಿಗೆ ಒಣಗುತ್ತದೆ. ಕ್ಯಾಬಿನ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು. ಅದರ ಖರ್ಚು ನಮ್ಮದೆಂಬುದನ್ನೂ ಒಪ್ಪಬೇಕು. ಆದರೆ ನೀರು ಹರಿಯಬೇಕಾದ ಕೊಳವೆಯನ್ನೇ ಸರಿಯಾಗಿ ಕೂಡಿಸದಿದ್ದಲ್ಲಿ ಅದು ನಿರ್ಮಾಣದ ದೋಷ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಸ್ತುವಿನ ಗುಣಮಟ್ಟದಲ್ಲಿ ಇರಲೇಬೇಕಾದುದರ ಕೊರತೆಯನ್ನು ದೋಷವೆಂದೇ ಕರೆದು, ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಲು ಎರಡು ವರ್ಷಗಳ ಅವಧಿಯನ್ನಿತ್ತಿದೆ. ಆದುದರಿಂದಲೇ ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಎಂದು ಗೀಚಲು ಬಿಡದೆ, "ಏಸಿಯಿಂದ ಬೂಷ್ಟಿನ ವಾಸನೆ" ಎಂದೇ ಬರೆಯಿಸಿ, ದಿನಾಂಕಸಹಿತ ಅದರ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.

ಮೂರನೆಯ ಸಲ ಹೋದಾಗ, ಕೊಳವೆಯನ್ನು ಬಿಚ್ಚಿ ತೋರಿಸುವವರೆಗೆ ಕಾರನ್ನು ಒಯ್ಯಲಾರೆನೆಂದು ಕುಳಿತುಬಿಟ್ಟೆ. ಮೆಕಾನಿಕ್ ಹುಡುಗನೊಬ್ಬ ಎಡಬದಿಯ ಮ್ಯಾಟನ್ನೆತ್ತಿ, ಮಡಚಿಕೊಂಡಿದ್ದ ರಬ್ಬರ್ ಕೊಳವೆಯನ್ನು ಬೆರಳಿನಿಂದ ನೆಟ್ಟಗೆ ಮಾಡಿದನೋ ಇಲ್ಲವೋ, ಒಂದು ಚೆಂಬಿನಷ್ಟು ಕಂದು ನೀರು ನೆಲದ ಮೇಲೆ ಸುರಿಯಿತು. ಕಾಯಿಲನ್ನೂ ತೊಳೆದುಕೊಟ್ಟು, ಹಣ ಬೇಡವೆಂದು, ಸಹಿಗಾಗಿ ಕಾಗದವನ್ನು ಮುಂದೊಡ್ಡಿದರು. ಅದರಲ್ಲಿ "ಸೌಜನ್ಯಕ್ಕಾಗಿ ಉಚಿತ" ಎಂದಿತ್ತು. ಆ ಪದವನ್ನು ಹೊಡೆದುಹಾಕಿ "ವಾರಂಟಿ" ಎಂದು ಬರೆಯುವವರೆಗೆ ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.