ಬೀದಿವಾದಕನ ಪುಸ್ತಿಕೆ

ಮೂನ್‌ಡಾಗ್ ಎಂದು ಹೆಸರಾದ ಲೂಯಿ ಹಾರ್ಡಿನನು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು, ತಾನೇ ಅಚ್ಚು ಹಾಕಿಸಿ ಮಾರುತ್ತಿದ್ದ ಪದ್ಯಗಳ ಚಿಕ್ಕ ಪುಸ್ತಿಕೆಗಳು ಈಗ ದುರ್ಲಭವಾಗಿವೆ. ಅಂಥವನ್ನು ಸಾಹಿತ್ಯವೆಂದೆಣಿಸುವುದು ಹಾಸ್ಯಾಸ್ಪದವೆಂದು ನಮ್ಮ ಕೆಲವು ವಿದ್ವನ್ಮಿತ್ರರ ವಾದ. ಕೊಂಡಿಟ್ಟುಕೊಳ್ಳುವ ಧನಿಕರಾದರೋ ವಿಚಿತ್ರವಸ್ತುವೆಂದು ಪೆಟ್ಟಿಗೆಗೆ ಸೇರಿಸುವರು. ಉಭಯ ಪಕ್ಷದವರೂ ಅದನ್ನು ಓದಿದವರಲ್ಲವೆಂಬುದೇ ನನ್ನ ಆಕ್ಷೇಪಣೆ.

ಆತನ ವೇಷವು ವಿಚಿತ್ರವಾಗಿದ್ದುದು ನಿಜ. ಕೊಂಬಿನ ಶಿರಸ್ತ್ರಾಣ, ನಿಲುವಂಗಿ, ಕೈಯಲ್ಲಿ ಈಟಿ. ಆರನೆಯ ಅವೆನ್ಯೂವಿನಲ್ಲಿ ಹೋಗಿಬರುವವರು ನೋಡಿದ್ದು ಇಷ್ಟನ್ನೇ. 1916ರಲ್ಲಿ ಕಾನ್ಸಾಸ್ ಪ್ರಾಂತದಲ್ಲಿ ಹುಟ್ಟಿದ ಈತನು 1932ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಸ್ಫೋಟಕವೊಂದು ಸಿಡಿದು ಎರಡು ಕಣ್ಣುಗಳನ್ನೂ ಕಳೆದುಕೊಂಡನು. ಅಂಧಗಜನ್ಯಾಯವು ಇಲ್ಲಿ ತಲೆಕೆಳಗಾಗಿದೆ: ಕಣ್ಣಿಲ್ಲದುದು ಆನೆಗೆ, ತಡವಿದವರಿಗೆಲ್ಲ ಕಣ್ಣಿದ್ದವು!

ವೇಷದಲ್ಲಿ ಸ್ವೈರಿಯಾದ ಈತನು ಲಕ್ಷಣದಲ್ಲಿ ಕಟ್ಟಾ ಶಾಸ್ತ್ರಿ. ಪದ್ಯಕ್ಕೆ ಆರಿಸಿಕೊಂಡದ್ದು ಪ್ರಾಸಬದ್ಧ ದ್ವಿಪದಿಯನ್ನು. ಸಂಗೀತದಲ್ಲಿಯೋ, ಒಂದು ಧ್ವನಿಯು ಆರಂಭಿಸಿದುದನ್ನೇ ಮತ್ತೊಂದು ಧ್ವನಿಯು ತುಸು ಹಿಂದಿನಿಂದ ಹಿಡಿದು ನಡೆಯುವ ರಚನೆ. ಅಲ್ಲಿ ಒಂದು ಸ್ವರ ಜಾರಿದರೂ ಎಲ್ಲವೂ ಕೆಟ್ಟಿತು. ಐದೇಳು ಮಾತ್ರೆಗಳ ನಡೆ ಆತನಿಗೆ ಪ್ರಿಯ. ಖಂಡ, ಮಿಶ್ರಗಳನ್ನು ಬಲ್ಲ ನಮಗೆ ಅದು ಅಪರಿಚಿತವೇನಲ್ಲ. ಇದನ್ನೆಲ್ಲ ಆತನು ಬ್ರೈಲ್ ಚುಕ್ಕೆಗಳಲ್ಲಿ ಬರೆದು, ಕಣ್ಣುಳ್ಳವರಿಗೆ ಹೇಳಿ ಪ್ರತಿ ಮಾಡಿಸಬೇಕಾಗಿತ್ತು. ಮುದ್ರಣಾಲಯದವರು ತಿದ್ದಿಕೊಡುವರೆಂದು ಕಾಗುಣಿತವನ್ನೇ ಬಿಟ್ಟಿರುವ ನಮ್ಮ ಲೇಖಕರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ.

‘ಪ್ರಕಾಶಕರೇಕೆ ಮುಂದೆ ಬರಲಿಲ್ಲ?’ ಎಂಬ ಪ್ರಶ್ನೆಯುಂಟು. ಕೊಲಂಬಿಯಾ ಕಂಪನಿಯು 1969ರಲ್ಲಿ ಆತನ ಸಂಗೀತದ ಧ್ವನಿಮುದ್ರಿಕೆಯನ್ನು ಹೊರಡಿಸಿತು. ಬೀದಿಯಲ್ಲಿ ಬಾರಿಸಿದವನೂ ಆತನೇ, ಮುದ್ರಿಕೆಯಲ್ಲಿರುವವನೂ ಆತನೇ. 1954ರಲ್ಲಿ ರೇಡಿಯೋ ನಿರೂಪಕನೊಬ್ಬನು ತನ್ನ ಹೆಸರನ್ನು ಬಳಸಿಕೊಂಡಾಗ ನ್ಯಾಯಾಲಯಕ್ಕೆ ಹೋಗಿ ಗೆದ್ದವನನ್ನು ಹುಚ್ಚನೆನ್ನುವುದು ಹೇಗೆ? 1974ರಲ್ಲಿ ಜರ್ಮನಿಗೆ ತೆರಳಿ, 1999ರಲ್ಲಿ ಅಲ್ಲಿಯೇ ತೀರಿಕೊಂಡನು.

ದೂರದ ಮಾತೇಕೆ? ನಮ್ಮ ಜಾತ್ರೆಗಳಲ್ಲಿ ಲಾವಣಿಕಾರರೂ ತತ್ತ್ವಪದಕಾರರೂ ಮಾರಿದ ತೆಳು ಪುಸ್ತಿಕೆಗಳಲ್ಲಿ ಒಂದಾದರೂ ನಮ್ಮ ಸಂಘದ ಬೀರುವಿನಲ್ಲಿದೆಯೇ? ನನ್ನಲ್ಲಿ ಉಳಿದಿರುವ ನಾಲ್ಕನ್ನು ಮುಂದಿನ ಸಭೆಗೆ ತರುತ್ತೇನೆ. ಬೇಡವೆನ್ನುವವರು ಮೊದಲು ಓದಿ, ಅನಂತರ ಬೇಡವೆನ್ನತಕ್ಕದ್ದು.