ಬೇಸಗೆಯಲ್ಲೊಂದು ವೃಕ್ಷೋತ್ಸವ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನಗಳು ಜನವರಿ ಹಾಗೂ ಆಗಸ್ಟ್ ತಿಂಗಳುಗಳಲ್ಲಿ ನಡೆಯುತ್ತವೆ. ಆದರೆ ಬಯಲುಸೀಮೆಯ ಮರಗಳ ಹಬ್ಬ ಬೇಸಗೆಯಲ್ಲಿಯೇ ಅಲ್ಲವೆ? ಮುತ್ತುಗ ಕೆಂಪೇರುವುದು, ಬೇವು ಕಂಪು ಬೀರುವುದು, ಕಕ್ಕೆಯು ಹೊನ್ನಿನ ಗೊಂಚಲುಗಳನ್ನು ತೂಗಿಬಿಡುವುದು ಫೆಬ್ರವರಿಯಿಂದ ಮೇ ವರೆಗೆ.

ಮಳೆಯಿಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯ? ಮುತ್ತುಗದಂತಹ ಮರವು ಎಲೆಯುದುರಿಸಿ ಬಾಷ್ಪವಿಸರ್ಜನೆಯನ್ನು ತಗ್ಗಿಸುತ್ತದೆ. ಬೇರುಗಳು ಆಳದಿಂದ ತಂದ ನೀರು ಹೂವಿಗೆ ಒದಗುತ್ತದೆ. ಎಲೆಯ ಮರೆಯಿಲ್ಲದ ಹೂವು ಪರಾಗಸ್ಪರ್ಶ ಮಾಡುವ ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತದೆ.

ಹಿಟ್ನಾಳಕ್ಕೆ ಸಮೀಪದ ಮುನಿರಾಬಾದಿನಲ್ಲಿ ಪಂಪಾವನವಿದೆ; ತೋಟಗಾರಿಕೆ ಮಹಾವಿದ್ಯಾಲಯವೂ ಇದೆ. ವಿದ್ಯಾರ್ಥಿಗಳಿಗೆ ರಜೆಯಿರುವ ಏಪ್ರಿಲಿನಲ್ಲಿ ಅಲ್ಲೊಂದು ವೃಕ್ಷೋತ್ಸವ ನಡೆಯಬೇಕೆಂಬುದು ನಮ್ಮ ಅಭಿಮತ. ಕುಂಡದ ಹೂವು ಬೇಗನೆ ಬಾಡುತ್ತದೆ. ಹೆಸರಿಡಿದು ಗುರುತಿಸಬಲ್ಲ ಮರಕ್ಕೆ ಕೊಡಲಿ ಬೀಳುವಾಗಲಾದರೋ, ತಡೆಯುವವರು ಮುಂದೆ ಬರುತ್ತಾರೆ.